ಒಂದೇ ಎಳೆತಕ್ಕೆ ಬಿಗಿ

ಆ ಅಂಗಡಿಯಲ್ಲಿ ಹಳೆಯ ಪುಟವನ್ನು ಅಳಿಸುವ ಪದ್ಧತಿ ಇರಲಿಲ್ಲ. ಸಾಮಾನು ಖಾಲಿಯಾದರೂ, ಅದನ್ನು ತಯಾರಿಸುವ ಕಂಪನಿಯೇ ಮುಚ್ಚಿಹೋದರೂ, ವೆಬ್‌ಸೈಟಿನಲ್ಲಿ ಅದರ ಪುಟ ಇದ್ದಲ್ಲೇ ಇರುತ್ತಿತ್ತು. ಹೊಸ ಸಾಮಾನು ಬಂದ ದಿನ ಹಳೆಯ ಫೋಟೊ ತೆಗೆದು ಹೊಸದನ್ನು ಹಾಕುತ್ತಿದ್ದರು, ಅಷ್ಟೇ. ಹೀಗೆ ಮಾಡಿದರೆ ಹಳೆಯ ಗಿರಾಕಿಗಳು ಕೊಟ್ಟ ಸ್ಟಾರುಗಳೂ ಹೊಗಳಿಕೆಯೂ ಹೊಸ ಸಾಮಾನಿನ ಪಾಲಿಗೆ ಬರುತ್ತಿದ್ದವು; ಹುಡುಕುವವರಿಗೆ ಅಂಗಡಿ ಮೊದಲ ಸಾಲಿನಲ್ಲೇ ಕಾಣಿಸುತ್ತಿತ್ತು. ಈ ಉಪಾಯ ಕಂಡುಹಿಡಿದವಳು ಅಂಗಡಿಯವರ ಮನೆಯ ಕಿರಿಸೊಸೆ. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು. ಕಾಲುಚೀಲ, ನೀರಿನ ಬಾಟಲಿ, ಟೋಪಿಗಳ ಮಟ್ಟಿಗೆ ಆ ಹೆಮ್ಮೆಗೆ ಕುಂದು ಬರಲಿಲ್ಲ.

ನಾನು ಅವಳನ್ನು ಮದುವೆಗೆ ಮುಂಚಿನಿಂದ ಬಲ್ಲೆ. ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದಳು. ನನ್ನ ಪುಸ್ತಕವೊಂದರ ಕರಡು ಅವಳ ಕೈಯಲ್ಲಿ ಹಾದುಹೋಗಿತ್ತು. ಅನವಶ್ಯಕ ಪದ ಕಂಡರೆ ಅವಳಿಗೆ ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ಆಗುತ್ತಿತ್ತು. ಆ ಗುಣವನ್ನೇ ಅವಳು ಅಂಗಡಿಗೂ ತಂದಳು.

ಬೆಟ್ಟ ಹತ್ತುವವರಿಗೆ, ಕಾಡಿನಲ್ಲಿ ಡೇರೆ ಹಾಕುವವರಿಗೆ ಬೇಕಾದ್ದನ್ನು ಮಾರುವ ಅಂಗಡಿ ಅದು. ಎದುರಿಗೆ ಹಲ್ಲಿನ ಡಾಕ್ಟರು, ಪಕ್ಕದಲ್ಲಿ ಬೀಗ ರಿಪೇರಿಯವನು. ಒಳಗೆ ಕಾಲಿಟ್ಟರೆ ರಬ್ಬರಿನ ವಾಸನೆ, ಮಳೆಯಂಗಿಗೆ ಬಳಿದ ಮೇಣದ ವಾಸನೆ. ನಟ್ಟನಡುವೆ ಒಂದು ಡೇರೆ ಸದಾ ಹಾಕಿಯೇ ಇರುತ್ತಿತ್ತು. ಗಾಳಿಯಿಲ್ಲದ ಕೋಣೆಯಲ್ಲೂ ಅದು ಬಾಗದಿರಲೆಂದು ನಾಲ್ಕು ಮೂಲೆಗೆ ಮರಳಿನ ಚೀಲ. ಹಿಂದಿನ ಉಗ್ರಾಣದಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ, ಅವಳ ಮೇಜು ಮತ್ತು ಕಂಪ್ಯೂಟರು. ಗೋಡೆಗೆ ಮೊಳೆ ಹೊಡೆದು ಒಂದು ಬಿಳಿ ಹಾಸನ್ನು ಇಳಿಬಿಟ್ಟಿದ್ದಳು. ಫೋಟೊ ತೆಗೆಯುವುದು ಅದರ ಮುಂದೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವುದೂ ಅದರ ಮುಂದೆ.

ಅಂಗಡಿ ಅವಳ ಭಾವನದು, ಎಂದರೆ ಗಂಡನ ಅಣ್ಣನದು. ವಯಸ್ಸಿನಲ್ಲಿ ಸುತ್ತಲ ಬಂಡೆಗಳನ್ನೆಲ್ಲ ಹತ್ತಿ, ಕೊನೆಗೆ ಮೊಣಕಾಲು ಮುರಿದುಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು. ಅವನ ಬಾಯಿಗೆ ಗೊತ್ತಿದ್ದಕ್ಕಿಂತ ಕೈಗೆ ಗೊತ್ತಿದ್ದದ್ದು ಹೆಚ್ಚು. ಹಗ್ಗ ಮಾರುವಾಗ ಮಾತು ಹವಾಮಾನದ ಬಗ್ಗೆ ನಡೆಯುತ್ತಿರುತ್ತಿತ್ತು, ಕೈ ತನ್ನಷ್ಟಕ್ಕೆ ಗಂಟು ಹಾಕುತ್ತಿರುತ್ತಿತ್ತು. ಯಾರಾದರೂ "ಅದನ್ನ ಹೇಗೆ ಹಾಕಿದ್ರಿ?" ಎಂದರೆ ಗಂಟನ್ನು ತಾನೇ ಹೊಸದಾಗಿ ನೋಡಿದವನಂತೆ ನೋಡಿ, "ಹೀಗೇ, ಹಾಕಿದೆ" ಎನ್ನುತ್ತಿದ್ದ.

ಅವಳು ಸೊಸೆಯಾಗಿ ಬಂದಾಗ ಅಂಗಡಿ ಕುಂಟುತ್ತಿತ್ತು. ಜನ ಬಂದು ಬೂಟು ಹಾಕಿ ನೋಡಿ, ಅಳತೆ ತಿಳಿದುಕೊಂಡು, ಮನೆಗೆ ಹೋಗಿ ಬೇರೆಲ್ಲಿಂದಲೋ ತರಿಸಿಕೊಳ್ಳುತ್ತಿದ್ದರು. "ನಮ್ಮದು ಅಂಗಡಿ ಅಲ್ಲಮ್ಮ, ಪಾದ ಅಳೆಯೋ ಆಫೀಸು" ಎಂದು ಭಾವ ನಗುತ್ತಿದ್ದ. ಅವಳು ನಗಲಿಲ್ಲ. ತಾನೇ ಓದಿ, ತಾನೇ ತಪ್ಪಿ, ತಾನೇ ತಿದ್ದಿಕೊಂಡು ವೆಬ್‌ಸೈಟ್ ಕಟ್ಟಿದಳು. ಪ್ರತಿ ಸಾಮಾನಿಗೂ ಎರಡು ಸಾಲು, ಒಂದು ಸಣ್ಣ ವಿಡಿಯೊ. ವಿಡಿಯೊದಲ್ಲಿ ಕಾಣುತ್ತಿದ್ದದ್ದು ಗಂಡನ ಮೈಕೈ. ಕೇಳುತ್ತಿದ್ದದ್ದು ಅವಳ ದನಿ. ಅವಸರವಿಲ್ಲದ, ತಗ್ಗಿದ, ಸ್ಪಷ್ಟವಾದ ದನಿ. ಗಿರಾಕಿಗಳು ಫೋನ್ ಮಾಡಿದಾಗ ಅವಳು "ಹಲೋ" ಎಂದರೆ ಸಾಕು, "ಓ, ವಿಡಿಯೊ ಅಕ್ಕನಾ?" ಎನ್ನುತ್ತಿದ್ದರು.

ಅವಳು ಒಂದು ಬಂಡೆಯನ್ನೂ ಹತ್ತಿದವಳಲ್ಲ. ಎತ್ತರವೆಂದರೆ ಅವಳಿಗೆ ಆಗದು. "ಸ್ಟೂಲ್ ಮೇಲೆ ನಿಂತ್ರೆ ತಲೆ ತಿರುಗುತ್ತೆ ಅಂತಾಳೆ, ಊರಿಗೆಲ್ಲ ಬೆಟ್ಟ ಮಾರ್ತಾಳೆ" ಎಂದು ಅವಳ ಓರಗಿತ್ತಿ, ಭಾವನ ಹೆಂಡತಿ, ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಕಿರಿಸೊಸೆಯ ಉತ್ತರವೂ ಸಿದ್ಧವಾಗಿರುತ್ತಿತ್ತು: "ಔಷಧಿ ಅಂಗಡಿಯವನಿಗೆ ಎಲ್ಲ ಕಾಯಿಲೆನೂ ಬಂದಿರಬೇಕಾ ಅಕ್ಕ?"

ಮಾರಾಟಕ್ಕೆಂದು ಅವಳು ವಾರಕ್ಕೊಮ್ಮೆ ಗಿರಾಕಿಗಳಿಗೆಲ್ಲ ಮೇಲ್ ಕಳುಹಿಸುತ್ತಿದ್ದಳು. "ತುರ್ತು! ಇಂದೇ ಕೊನೆ!" ಎಂದು ಒಂದು ವಾರ, "ತಡಮಾಡಿದರೆ ಸಿಗದು!" ಎಂದು ಇನ್ನೊಂದು ವಾರ. ಎಷ್ಟು ಜನ ಅದನ್ನು ತೆರೆದರೆಂದು ಪರದೆಯ ಮೇಲೆ ಗೊತ್ತಾಗುತ್ತಿತ್ತು. ಮೊದಮೊದಲು ಅರ್ಧಕ್ಕರ್ಧ ಜನ ತೆರೆಯುತ್ತಿದ್ದರು. ವರ್ಷ ಕಳೆದಂತೆ ಅದು ಇಳಿಯಿತು. ಅವಳು ಇನ್ನೊಂದು ಆಶ್ಚರ್ಯಚಿಹ್ನೆ ಸೇರಿಸಿದಳು.

ಗಿರಾಕಿಗಳಲ್ಲಿ ಅವಳಿಗೆ ಮೆಚ್ಚಿನವರೆಂದರೆ ಐದು ಸ್ಟಾರ್ ಮೇಷ್ಟ್ರು. ಗಣಿತ ಪಾಠ ಮಾಡುವವರು. ಕೊಂಡ ಪ್ರತಿ ವಸ್ತುವಿಗೂ ತಪ್ಪದೆ ಅಭಿಪ್ರಾಯ ಬರೆಯುತ್ತಿದ್ದರು, ತಪ್ಪದೆ ಒಂದು ದೂರು ಹೇಳುತ್ತಿದ್ದರು, ತಪ್ಪದೆ ಐದು ಸ್ಟಾರ್ ಕೊಡುತ್ತಿದ್ದರು. ಥರ್ಮಾಸ್ ಫ್ಲಾಸ್ಕಿನ ಬಗ್ಗೆ ಹೀಗೆ ಬರೆದಿದ್ದರು: "ಚಹಾ ಸಂಜೆಯವರೆಗೂ ಬಿಸಿ ಇರುತ್ತದೆ. ಮುಚ್ಚಳ ತೆಗೆಯಲು ಮಾತ್ರ ಇಬ್ಬರು ಬೇಕು." ಅವರ ಮಗಳಿಗೆ ಕಾಲೇಜಿಗೆ ಸೇರಿದ ಮೇಲೆ ಬಂಡೆ ಹತ್ತುವ ಹುಚ್ಚು ಹಿಡಿದಿತ್ತು. ಕೆಳಗೆ ಪೇಪರ್ ಓದುತ್ತ ಕೂರಲು ಬೇಸರವಾಗಿ ಮೇಷ್ಟ್ರೂ ಕಲಿಯತೊಡಗಿದರು. ಊರಿನ ವ್ಯಾಯಾಮಶಾಲೆಯಲ್ಲಿ ಹತ್ತಲು ಕಟ್ಟಿದ ಗೋಡೆಯೊಂದಿತ್ತು. ಇಬ್ಬರೂ ಅಲ್ಲಿ ಬಾಡಿಗೆಯ ಪಟ್ಟಿ ಕಟ್ಟಿಕೊಂಡು ಅಭ್ಯಾಸ ಮಾಡಿ, ಕೊನೆಗೆ ಸ್ವಂತದ್ದು ಬೇಕೆಂದು ಈ ಅಂಗಡಿಯಿಂದ ಎರಡು ಹಾರ್ನೆಸ್ ತರಿಸಿಕೊಂಡರು.

ಹಾರ್ನೆಸ್ ಎಂದರೆ ಬಂಡೆ ಹತ್ತುವವರು ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿ. ಹಗ್ಗ ಕಟ್ಟುವುದು ಅದಕ್ಕೇ. ಹತ್ತುವಾಗ ಮೈಭಾರ ಕೈಕಾಲುಗಳ ಮೇಲಿರುತ್ತದೆ. ಜಾರಿದಾಗ, ಇಲ್ಲವೆ ಸುಸ್ತಾಗಿ ಹಿಂದಕ್ಕೆ ಒರಗಿ ಕುಳಿತಾಗ, ಇಡೀ ಜೀವ ಆ ಸೊಂಟದ ಬಕಲ್ ಮೇಲೆ ನಿಲ್ಲುತ್ತದೆ. ಆ ಅಂಗಡಿ ಬಹುಕಾಲ ಮಾರಿದ ಹಾರ್ನೆಸ್ಸಿನ ಬಕಲ್ ತಾನಾಗಿ ಹಿಡಿದುಕೊಳ್ಳುವ ಜಾತಿಯದು; ಪಟ್ಟಿಯ ತುದಿ ಎಳೆದರೆ ಮುಗಿಯಿತು. ಅದರ ಪುಟದ ವಿಡಿಯೊದಲ್ಲಿ ಗಂಡನ ಸೊಂಟ ಕಾಣುತ್ತಿತ್ತು, ಅವಳ ದನಿ ಹೇಳುತ್ತಿತ್ತು: "ಒಂದೇ ಎಳೆತ. ಬಿಗಿ. ಇನ್ನೇನೂ ಮಾಡಬೇಕಾಗಿಲ್ಲ."

ಆ ಕಂಪನಿ ಮುಚ್ಚಿತು. ಹತ್ತುವ ಕಾಲ ಶುರುವಾಗುವಷ್ಟರಲ್ಲಿ ಭಾವ ಬೇರೆ ಕಡೆಯಿಂದ ಮಾಲು ತರಿಸಿದ. ನೋಡಲು ಹಳೆಯದರ ತದ್ರೂಪು, ಬಣ್ಣ ಮಾತ್ರ ಬೇರೆ. ಪೆಟ್ಟಿಗೆ ಒಡೆದವನೇ ಒಂದನ್ನು ಸೊಂಟಕ್ಕೆ ಸುತ್ತಿ, ತುದಿ ಎಳೆದು, ಅದೇ ತುದಿಯನ್ನು ಬಕಲ್‌ನೊಳಗೆ ವಾಪಸ್ ಪೋಣಿಸಿ, ಎರಡು ಸಲ ಜಗ್ಗಿ ನೋಡಿದ. ಇಷ್ಟನ್ನೂ ಅವನ ಕೈ ಮಾಡಿತು. ಬಾಯಿ ಲಾರಿಯವನನ್ನು ಬಯ್ಯುತ್ತಿತ್ತು.

"ಹೇಗಿದೆ ಭಾವ?" ಎಂದಳು ಅವಳು, ಪರದೆಯಿಂದ ಕಣ್ಣೆತ್ತದೆ.

"ಚೆನ್ನಾಗಿದೆ. ಹಳೇದಕ್ಕಿಂತ ಹಗುರ. ಹಾಕ್ಬಿಡು."

ಅವಳು ಹಳೆಯ ಪುಟದಲ್ಲಿ ಹೊಸ ಫೋಟೊ ಹಾಕಿದಳು, ಬಣ್ಣದ ಹೆಸರು ಬದಲಾಯಿಸಿದಳು, "ಇನ್ನೂ ಹಗುರ" ಎಂದು ಸೇರಿಸಿದಳು. ಸ್ಟಾರುಗಳು ಉಳಿದವು. ವಿಡಿಯೊ ಉಳಿಯಿತು. ಹೇಳುವಂಥದ್ದು ಏನಾದರೂ ಇದ್ದರೆ ಭಾವ ಹೇಳುತ್ತಿದ್ದ ಎಂದು ಅವಳ ನಂಬಿಕೆ. ಪಟ್ಟಿಯನ್ನು ವಾಪಸ್ ಪೋಣಿಸಬೇಕು ಎಂಬುದನ್ನು ಹೇಳಿಕೊಡಬೇಕಾಗುತ್ತದೆ ಎಂದು ಭಾವನಿಗೆ ಹೊಳೆಯಲೇ ಇಲ್ಲ. ಅಂಗಿಗೆ ಗುಂಡಿ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ? ಹಾರ್ನೆಸ್ ಜೊತೆ ತಯಾರಕರ ಮಡಿಸಿದ ಕಾಗದವೊಂದು ಬರುತ್ತಿತ್ತು. ಅದನ್ನು ಅಂಗಡಿಯಲ್ಲೂ ಯಾರೂ ಬಿಚ್ಚಲಿಲ್ಲ, ಗಿರಾಕಿಗಳೂ ಬಿಚ್ಚಿರಲಾರರು. ವಿಡಿಯೊ ಇರುವಾಗ ಕಾಗದ ಯಾರಿಗೆ ಬೇಕು?

ಮಾಲು ಬೇಗ ಬೇಗ ಹೋಯಿತು. ಮೇಷ್ಟ್ರು ತರಿಸಿಕೊಂಡ ಎರಡೂ ಈ ಹೊಸ ಮಾಲಿನವೇ.

ಮೊದಲ ದೂರು ಬಂದಾಗ ಅವಳು ಹೆಚ್ಚು ಯೋಚಿಸಲಿಲ್ಲ. ಒಂದು ಸ್ಟಾರ್, ಒಂದು ಸಾಲು: "ನಡೆಯುವಾಗಲೇ ಸಡಿಲವಾಗುತ್ತದೆ." ಸಡಿಲ ಎಂದವರಿಗೆ ಕೊಡುವ ಉತ್ತರ ಅವಳಲ್ಲಿ ಸಿದ್ಧವಿತ್ತು. ಕ್ಷಮಿಸಿ, ಬಹುಶಃ ಅಳತೆ ದೊಡ್ಡದಾಗಿದೆ, ಬದಲಾಯಿಸಿಕೊಡುತ್ತೇವೆ. ಅವನು ಉತ್ತರಿಸಲಿಲ್ಲ. ಅವಳು ಅದನ್ನು ಅಲ್ಲಿಗೇ ಬಿಟ್ಟಳು.

ಎರಡನೆಯದು ಒಂದು ಶನಿವಾರ ಬೆಳಿಗ್ಗೆ ಬಂತು, ಫೋಟೊ ಸಮೇತ. ಬಕಲ್ಲಿನ ಹತ್ತಿರದ ಚಿತ್ರ. ಕೆಳಗೆ ಬರೆದಿತ್ತು: "ಮನೆಯ ಮೆಟ್ಟಿಲ ಮೇಲೆ ಪರೀಕ್ಷೆ ಮಾಡಿದೆ. ಪುಣ್ಯಕ್ಕೆ ಮೆಟ್ಟಿಲು." ಅವಳು ಪರದೆಯನ್ನು ಭಾವನತ್ತ ತಿರುಗಿಸಿದಳು.

ಭಾವ ಕನ್ನಡಕ ಏರಿಸಿ ನೋಡಿ, ನಕ್ಕ. "ದಡ್ಡ. ವಾಪಸ್ ಪೋಣಿಸೇ ಇಲ್ಲ."

"ಅಂದ್ರೆ?"

"ಪಟ್ಟಿಯ ಬಾಲ ಹೀಗೆ ಬಿಟ್ಟಿದಾನೆ ನೋಡು. ಬಕಲ್ ಒಳಗೆ ವಾಪಸ್ ತರಬೇಕು. ಮಕ್ಕಳಿಗೂ ಗೊತ್ತು."

"ನನಗೆ ಗೊತ್ತಿಲ್ಲವಲ್ಲ ಭಾವ" ಎಂದಳು. "ವಿಡಿಯೊದಲ್ಲಿ ಇನ್ನೇನೂ ಮಾಡಬೇಕಾಗಿಲ್ಲ ಅಂತ ಹೇಳಿದೀನಿ."

"ಅದು ಹಳೇದರ ವಿಡಿಯೊ."

"ಅದೇ ಇರೋದು ಪುಟದಲ್ಲಿ."

ಭಾವನ ನಗು ತುಟಿಯ ಮೇಲೆ ಇದ್ದಂತೆಯೇ ಉಳಿಯಿತು. ಕಣ್ಣಿನಿಂದ ಮಾತ್ರ ಹೋಯಿತು. ಅವನು ಎದ್ದು ಡೇರೆಯ ಮೂಲೆಯಿಂದ ಎರಡು ಮರಳಿನ ಚೀಲ ಎಳೆದು ತಂದ. ಅವುಗಳಿಗೆ ಹೊಸ ಹಾರ್ನೆಸ್ ಒಂದರ ಸೊಂಟಪಟ್ಟಿ ಸುತ್ತಿ, ವಿಡಿಯೊದಲ್ಲಿ ಹೇಳಿದಂತೆ ಒಮ್ಮೆ ಎಳೆದು, ಉಗ್ರಾಣದ ತೊಲೆಯ ಕೊಕ್ಕೆಗೆ ತೂಗುಹಾಕಿದ. ಮೊದಲು ಏನೂ ಆಗಲಿಲ್ಲ. ಚೀಲಗಳು ಸ್ವಲ್ಪ ತಿರುಗಿ ನಿಂತವು.

"ಹಿಡ್ಕೊಂಡಿದೆ" ಎಂದಳು ಅವಳು.

"ನೋಡ್ತಿರು."

ಪಟ್ಟಿಯ ಬಾಲ ತೆವಳುತ್ತಿತ್ತು. ಸದ್ದಿಲ್ಲ. ಹಲ್ಲಿ ಬಿರುಕಿನೊಳಗೆ ಸೇರಿಕೊಳ್ಳುವಾಗ ಬಾಲ ಮೋಟಾಗುತ್ತ ಹೋಗುತ್ತದಲ್ಲ, ಹಾಗೆ ಅದು ಬಕಲ್‌ನೊಳಕ್ಕೆ ಮೋಟಾಗುತ್ತ ಹೋಯಿತು. ಭಾವ ಚೀಲವನ್ನು ಅಂಗೈಯಿಂದ ಒಂದಿಷ್ಟು ತೂಗಿದ, ಗಾಳಿಗೆ ಮನುಷ್ಯ ತೂಗುವಷ್ಟು. ಬಾಲ ಪೂರ್ತಿ ಒಳಗೆ ಹೋಯಿತು. ಚೀಲಗಳು ನೆಲಕ್ಕೆ ಬಿದ್ದು ಒಂದು ಒಡೆಯಿತು.

"ಏನ್ರೀ ಅದು ಬಿದ್ದಿದ್ದು?" ಎಂದು ಅಂಗಡಿಯ ಮುಂಭಾಗದಿಂದ ಓರಗಿತ್ತಿ ಕೂಗಿದಳು. ಒಳಗೆ ಕಿರಿಸೊಸೆ ಆಗಲೇ ಫೋನ್ ಎತ್ತಿಕೊಂಡಿದ್ದಳು.

ಅವಳು ಮೊದಲು ಫೋನ್ ಮಾಡಿದ್ದು ಐದು ಸ್ಟಾರ್ ಮೇಷ್ಟ್ರಿಗೆ. ಪುಟ ಹೇಳಿದ್ದನ್ನು ಅಕ್ಷರಶಃ ಮಾಡುವವರು ಅವರೇ ಎಂದು ಅವಳಿಗೆ ಗೊತ್ತಿತ್ತು. ಫೋನ್ ಸಂಪರ್ಕಕ್ಕೆ ಸಿಗಲಿಲ್ಲ. ಶನಿವಾರ ಬೆಳಗಿನ ಶಾಲೆ, ತರಗತಿಯಲ್ಲಿರಬಹುದು ಎಂದುಕೊಂಡಳು.

ಅಷ್ಟರಲ್ಲಿ ಉಗ್ರಾಣದಲ್ಲಿ ಮನೆಯವರೆಲ್ಲ ಸೇರಿದ್ದರು. "ಪುಟದ ಕೆಳಗೆ ಒಂದು ಸಾಲು ಬರೆದುಬಿಡು" ಎಂದ ಭಾವ. "ವಾಪಸ್ ಪೋಣಿಸಿ ಅಂತ. ಅಷ್ಟು ಸಾಕು."

"ಕೆಳಗಿನ ಸಾಲು ಯಾರೂ ಓದಲ್ಲ ಭಾವ. ಎಲ್ಲಿವರೆಗೆ ಓದ್ತಾರೆ ಅಂತ ನನಗೆ ಇಲ್ಲಿ ಕಾಣುತ್ತೆ. ವಿಡಿಯೊ ನೋಡ್ತಾರೆ, ಕೊಳ್ತಾರೆ, ಹೋಗ್ತಾರೆ. ಓದೋದು ಬೇಡ ಅಂತಾನೇ ನಾನು ಹಾಗೆ ಮಾಡಿದ್ದು."

"ಹಾಗಂತ ಸೀಸನ್‌ನಲ್ಲಿ ನಮ್ಮ ಮಾಲು ಕೆಟ್ಟದು ಅಂತ ನಾವೇ ಡಂಗುರ ಹೊಡೆಯೋದಾ?" ಎಂದಳು ಓರಗಿತ್ತಿ. "ಜನ ಏನಂತಾರೆ?"

"ಮಾಲು ಕೆಟ್ಟದಲ್ಲ ಅಕ್ಕ. ನನ್ನ ಮಾತು ಕೆಟ್ಟದು."

ಗಂಡ ಮಾತಿನವನಲ್ಲ. ಒಡೆದ ಚೀಲದ ಮರಳನ್ನು ಕಾಲಿನಿಂದ ಒಟ್ಟುಮಾಡುತ್ತ ನಿಂತಿದ್ದ. "ಆ ವಿಡಿಯೊದಲ್ಲಿ ಇರೋದು ನನ್ನ ಸೊಂಟ" ಎಂದಷ್ಟೇ ಹೇಳಿ, ಇನ್ನೊಂದು ಫೋನು ಕೈಗೆತ್ತಿಕೊಂಡ.

ಅವಳು ಯಾರನ್ನೂ ಮತ್ತೆ ಕೇಳಲಿಲ್ಲ. ಆ ಪುಟವನ್ನು ಅಳಿಸಿದಳು. ಆ ವೆಬ್‌ಸೈಟಿನಲ್ಲಿ ಅಳಿಸಿದ ಮೊದಲ ಪುಟ ಅದು. "ಅಷ್ಟೂ ಸ್ಟಾರ್ ಹೋಯ್ತಲ್ಲೇ!" ಎಂದು ಓರಗಿತ್ತಿ ಬಾಯಿಯ ಮೇಲೆ ಕೈಯಿಟ್ಟಳು. ನಂತರ ಕಿರಿಸೊಸೆ ಹಾರ್ನೆಸ್ ಕೊಂಡವರಿಗೆಲ್ಲ ಮೇಲ್ ಬರೆದಳು. ತಲೆಬರಹಕ್ಕೆ "ತುರ್ತು" ಎಂದು ಬರೆದು ನಿಂತಳು. ಹೋದ ವಾರ ಮಳೆಯಂಗಿಗೂ ಅದೇ ಪದ ಬಳಸಿದ್ದಳು. ಅದರ ಹಿಂದಿನ ವಾರ ಕಾಲುಚೀಲಕ್ಕೆ. ಪದವನ್ನು ಅಳಿಸಿ "ಜೀವಕ್ಕೆ ಅಪಾಯ" ಎಂದು ಬರೆದು ಕಳುಹಿಸಿದಳು. ತೆರೆದವರ ಸಂಖ್ಯೆ ಪರದೆಯ ಮೇಲೆ ಬರಬೇಕು. ಬೆರಳೆಣಿಕೆಯಷ್ಟು ಬಂದು ನಿಂತುಬಿಟ್ಟಿತು. ಆ ಅಂಗಡಿಯ ಮೇಲ್ ಕಂಡರೆ ತೆರೆಯದಿರುವುದನ್ನು ಜನಕ್ಕೆ ಕಲಿಸಿದವಳು ಅವಳೇ.

ಫೋನ್ ಮಾಡಲು ಕುಳಿತರು. ಅಂಗಡಿಯ ಹೆಸರು ಹೇಳುತ್ತಿದ್ದಂತೆ ಒಬ್ಬಾಕೆ "ಏನೂ ಬೇಡಮ್ಮ, ಎಲ್ಲ ಇದೆ" ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ, "ನಿಮಗೆ ಮಾನ ಮರ್ಯಾದೆ ಇಲ್ವಾ? ಬೇಡ ಅಂದ್ನಲ್ಲ." ಮೂರನೆಯ ಸಲ ಓರಗಿತ್ತಿ ಫೋನ್ ಕಿತ್ತುಕೊಂಡು, "ರೀ, ಮಾರೋಕಲ್ಲ, ನೀವು ಸಾಯಬಾರ್ದು ಅಂತ ಮಾಡ್ತಿದೀವಿ, ಕೇಳಿಸ್ಕೊಳ್ಳಿ!" ಎಂದು ಗದರಿದಳು. ಅದು ನಾಟಿತು. ಆಮೇಲೆ ಅವಳೇ ಎಲ್ಲರಿಗಿಂತ ಹೆಚ್ಚು ಜನರನ್ನು ಹಿಡಿದಳು; ಗದರಿಸುವುದರಲ್ಲಿ ಅವಳಿಗೆ ಹಳೆಯ ಅಭ್ಯಾಸ.

ಒಂದು ಸ್ಟಾರ್ ಕೊಟ್ಟ ಆ ಮೊದಲನೆಯವನು ಕಿರಿಸೊಸೆಗೆ ಸಿಕ್ಕಿದ.

"ಅದಾ? ಮಾರ್ಬಿಟ್ಟೆ ಅಕ್ಕ" ಎಂದ. "ಆನ್‌ಲೈನ್‌ನಲ್ಲಿ ಹಾಕಿದ್ದೆ, ಯಾರೋ ಬಸ್‌ಸ್ಟ್ಯಾಂಡಿಗೆ ಬಂದು ತಗೊಂಡು ಹೋದ."

"ಯಾರು? ಅವರ ನಂಬರ್ ಇದ್ಯಾ?"

"ಇಲ್ಲ, ಆ ಚಾಟೆಲ್ಲ ಅಳಿಸಿಬಿಟ್ಟೆ. ಹೇಗೆ ಕಟ್ಕೊಳ್ಳೋದು ಅಂತ ಕೇಳ್ದ. ನಿಮ್ಮ ವಿಡಿಯೊನೇ ಕಳಿಸ್ದೆ. ಚೆನ್ನಾಗಿ ಹೇಳಿದೀರಿ ನೀವು."

ಅವಳು ಫೋನ್ ಇಟ್ಟು, ಮೇಷ್ಟ್ರ ಶಾಲೆಗೆ ಮಾಡಿದಳು. ಗುಮಾಸ್ತ ಎತ್ತಿದ. "ಮೇಷ್ಟ್ರು ಇವತ್ತು ರಜ. ಮಗಳ ಜೊತೆ ಬಂಡೆ ಹತ್ತೋಕೆ ಹೋಗಿದಾರೆ. ವಾರದಿಂದ ಸ್ಟಾಫ್ ರೂಮಲ್ಲಿ ಅದೇ ಪುರಾಣ. ಹಳೇ ಕಲ್ಲುಗಣಿ ಹಿಂದೆ ಅಂತಿದ್ರಪ್ಪ. ಅಲ್ಲಿ ಫೋನೆಲ್ಲಿ ಸಿಗುತ್ತೆ?"

ಭಾವ ಆಗಲೇ ವ್ಯಾನಿನ ಕೀಲಿ ತೆಗೆದುಕೊಂಡಿದ್ದ.

ಅವಳೂ ಪಕ್ಕದಲ್ಲಿ ಹತ್ತಿ ಕುಳಿತಳು. ಗಣಿಯ ತಿರುವಿನಲ್ಲಿ ಭಾವ ಒಮ್ಮೆ ಹೇಳಿದ: "ಹತ್ತುವಾಗ ಏನೂ ಆಗಲ್ಲ. ಕೂತಾಗ ಆಗೋದು." ಸ್ವಲ್ಪ ದೂರ ಹೋದ ಮೇಲೆ, "ಕೂಗಬೇಡ. ಗಾಬರಿಯಾದ್ರೆ ಮೊದಲು ಮಾಡೋ ಕೆಲಸ ಕೂರೋದೇ" ಎಂದ.

ಗಣಿಯ ಹಿಂದೆ ಕಾಲುದಾರಿ ಕಡಿದಾಗಿತ್ತು. ಕುಂಟುವ ಭಾವ ಮುಂದೆ, ಎತ್ತರಕ್ಕೆ ಹೆದರುವ ಅವಳು ಹಿಂದೆ. ತಿರುವು ದಾಟಿದಾಗ ಬಂಡೆ ಕಾಣಿಸಿತು. ಬುಡದಲ್ಲಿ ಮೇಷ್ಟ್ರು ಹಗ್ಗ ಹಿಡಿದು ಕತ್ತೆತ್ತಿ ನಿಂತಿದ್ದರು. ಹಗ್ಗ ಬಂಡೆಯ ನೆತ್ತಿಯ ಬಳೆಯೊಂದರಲ್ಲಿ ಹಾದು ಇಳಿದು ಹುಡುಗಿಯ ಸೊಂಟಕ್ಕೆ ಸೇರಿತ್ತು. ಹುಡುಗಿ ತುಂಬ ಮೇಲಿದ್ದಳು. ಹಕ್ಕಿಯ ಸದ್ದೂ ಇರಲಿಲ್ಲ.

"ಓಹೋ, ಅಂಗಡಿಯವರು!" ಎಂದರು ಮೇಷ್ಟ್ರು, ಭಾವನನ್ನು ಕಂಡು. "ಡೆಲಿವರಿ ಇಲ್ಲಿಗೂ ಇದ್ಯಾ?"

ಭಾವ ನಗುತ್ತಲೇ ಹತ್ತಿರ ಹೋಗಿ, ಅವರ ಸೊಂಟ ನೋಡಿದ. ಪಟ್ಟಿಯ ಬಾಲ ಅಂಗೈಯಷ್ಟು ಉಳಿದಿತ್ತು. "ಹಗ್ಗದ ಕೈ ಬಿಡಬೇಡಿ ಮೇಷ್ಟ್ರೆ. ನಿಮ್ಮಷ್ಟಕ್ಕೆ ನೀವಿರಿ" ಎನ್ನುತ್ತ, ಅಂಗಿಯ ಕಾಲರ್ ಸರಿಪಡಿಸುವವನಂತೆ, ಬಾಲವನ್ನು ಬಕಲ್‌ನೊಳಗೆ ವಾಪಸ್ ಪೋಣಿಸಿ ಜಗ್ಗಿದ. ಮೇಷ್ಟ್ರು ಗಣಿತದವರು. ಎರಡನೆಯ ಸಲ ಜಗ್ಗಿದಾಗ ಅವರ ಕಣ್ಣು ಮೇಲೆ ಮಗಳ ಸೊಂಟದತ್ತ ಹೋಯಿತು. ಬಾಯಿ ತೆರೆದರು. ಭಾವ ಬೇಡವೆಂದು ತಲೆಯಾಡಿಸಿದ.

ಮೇಲಿನಿಂದ ಹುಡುಗಿಯ ದನಿ ಬಂತು. "ಅಪ್ಪಾ, ಕೈ ಸೋತುಹೋಯ್ತು. ಒಂಚೂರು ಕೂತ್ಕೊಳ್ಳಲಾ?"

ಮೇಷ್ಟ್ರು ಭಾವನತ್ತ ನೋಡಿದರು. ಭಾವ ತಮ್ಮನ ಹೆಂಡತಿಯ ತೋಳು ಹಿಡಿದು ಪಿಸುಗುಟ್ಟಿದ: "ನೀನು ಮಾತಾಡು. ನಿನ್ನ ದನಿ ಅವಳಿಗೆ ಗೊತ್ತು. ನಾನು ಹೇಳಿಕೊಡ್ತೀನಿ."

ಅವಳು ಕತ್ತೆತ್ತಿದಳು. ತಲೆ ತಿರುಗಿತು. ಕಣ್ಣು ಮುಚ್ಚಿಕೊಂಡು, ವಿಡಿಯೊದಲ್ಲಿ ಮಾತಾಡುವ ದನಿಯಲ್ಲೇ ಮಾತಾಡಿದಳು.

"ಕೂತ್ಕೋಬೇಡ ಪುಟ್ಟಾ. ಇನ್ನೊಂದು ಕೆಲಸ ಬಾಕಿ ಇದೆ."

"ಯಾರು?" ನಂತರ ನಗು. "ಅಯ್ಯೋ! ಒಂದೇ ಎಳೆತ ಅಕ್ಕನಾ?"

"ಹೂಂ, ಅವಳೇ. ಎರಡೂ ಕಾಲು ಗಟ್ಟಿಯಾಗಿ ನಿಂತಿವೆಯಾ?"

"ಒಂದು ಮೆಟ್ಟಿಲಿನ ಥರ ಇದೆ. ನಿಂತಿದೀನಿ."

"ಒಂದು ಕೈ ಬಂಡೆ ಬಿಡಬಾರದು. ಇನ್ನೊಂದು ಕೈಯಲ್ಲಿ ಸೊಂಟದ ಪಟ್ಟಿಯ ಬಾಲ ಹುಡುಕು. ಎಷ್ಟು ಉದ್ದ ಇದೆ?"

"ಬಾಲನಾ..." ಹುಡುಗಿ ತಡವರಿಸಿದಳು. "ಬೆಳಿಗ್ಗೆ ಉದ್ದ ಇತ್ತು. ಈಗ ಒಂದು ಬೆರಳಷ್ಟು ಇದೆ. ಯಾಕೆ?"

ಮೇಷ್ಟ್ರು ಕೈಯಲ್ಲಿದ್ದ ಹಗ್ಗವನ್ನು ನೋಡಿದರು. ಅದನ್ನು ಬಿಗಿ ಹಿಡಿದರೂ ತಪ್ಪು, ಸಡಿಲ ಬಿಟ್ಟರೂ ತಪ್ಪು.

"ಯಾಕೂ ಇಲ್ಲ. ಹೊಟ್ಟೆ ಒಳಗೆ ಎಳ್ಕೋ. ಬಾಲ ಹಿಡಿದು ಎಳಿ, ಬರೋವಷ್ಟು." ಭಾವ ಒಂದೊಂದೇ ಮಾತನ್ನು ಕಿವಿಯಲ್ಲಿ ಹಾಕುತ್ತಿದ್ದ. ಕೈಗಷ್ಟೇ ಗೊತ್ತಿದ್ದದ್ದಕ್ಕೆ ಅವನು ಜೀವನದಲ್ಲಿ ಮೊದಲ ಬಾರಿಗೆ ಮಾತು ಹುಡುಕುತ್ತಿದ್ದ. "ಈಗ ಅದೇ ತುದಿನ, ಬಂದ ದಾರಿಯಲ್ಲೇ, ಬಕಲ್ ಒಳಗೆ ವಾಪಸ್ ಹಾಕು."

"ಒಂದು ಕೈಯಲ್ಲಿ ಆಗ್ತಿಲ್ಲ ಅಕ್ಕ."

"ಆಗುತ್ತೆ. ಹೆಬ್ಬೆರಳಿಂದ ತಳ್ಳು."

"ಜಾರ್ತಿದೆ."

"ಬೆರಳು ಒರೆಸ್ಕೋ. ಮತ್ತೆ ತಳ್ಳು. ನಮಗೇನೂ ಅವಸರ ಇಲ್ಲ."

ಬಂಡೆಯ ಮೇಲಿನಿಂದ ಒಂದು ಸಣ್ಣ ಕಲ್ಲು ಬಿಡಿಸಿಕೊಂಡು ಕೆಳಗೆ ಬಂತು. ಎಲ್ಲಿಯೂ ತಾಗದೆ ನೇರವಾಗಿ ನೆಲಕ್ಕೆ ಬಿತ್ತು. ಮೂವರೂ ಅದರ ಸದ್ದು ಕೇಳಿದರು.

"ಹಾಕ್ದೆ" ಎಂದಳು ಹುಡುಗಿ.

"ಎಳಿ."

"ಎಳೆದೆ."

"ಇನ್ನೊಂದು ಸಲ. ಜೋರಾಗಿ."

"ಎಳೆದೆ ಅಕ್ಕ. ಈಗ ಕೂತ್ಕೊಳ್ಳಲಾ?"

ಭಾವ ಹೂಂ ಎಂದು ತಲೆಯಾಡಿಸಿದ. ಕೂತ್ಕೋ ಎಂಬ ಮಾತು ಅವಳ ಬಾಯಿಂದ ಕೂಡಲೇ ಬರಲಿಲ್ಲ. ಆ ದನಿಯಲ್ಲಿ ಹೇಳಿದ್ದನ್ನೆಲ್ಲ ಜನ ಮಾಡುತ್ತಾರೆ ಎಂಬುದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು.

"ಕೂತ್ಕೋ" ಎಂದಳು.

ಹುಡುಗಿ ಹಿಂದಕ್ಕೆ ಒರಗಿದಳು. ಹಗ್ಗ ಬಿಗಿಯಿತು. ಮೇಷ್ಟ್ರ ಸೊಂಟ ಒಮ್ಮೆ ಮುಂದಕ್ಕೆ ಜಗ್ಗಿತು. ಪಟ್ಟಿಗಳು ನಿಂತವು, ಎರಡೂ.

ಕೆಳಗಿಳಿದ ಹುಡುಗಿಗೆ ತಂದೆಯೇ ಬಕಲ್ ತೋರಿಸಿ ವಿಷಯ ಹೇಳಿದರು. ಅವಳು ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತು, ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿ, ಮತ್ತೆ ಬಿಚ್ಚಿದಳು. ಮೇಷ್ಟ್ರು ಅಂಗಡಿಯವರಿಗೆ ಥ್ಯಾಂಕ್ಸ್ ಹೇಳಲಿಲ್ಲ, ಬಯ್ಯಲೂ ಇಲ್ಲ. ಎರಡೂ ಹಾರ್ನೆಸ್ ಬಿಚ್ಚಿ ಭಾವನ ಕೈಗೆ ಕೊಟ್ಟು, ಮಗಳ ಭುಜ ಹಿಡಿದುಕೊಂಡು ನಡೆದುಬಿಟ್ಟರು. ಕೆಲವು ದಿನಗಳ ನಂತರ ಅಂಗಡಿಯ ಹೆಸರಿಗೆ ಅವರಿಂದ ಒಂದು ಸ್ಟಾರ್ ಬಂತು. ಅದರ ಕೆಳಗೆ, ಅವರ ಅಭ್ಯಾಸಕ್ಕೆ ವಿರುದ್ಧವಾಗಿ, ಒಂದು ಪದವೂ ಇರಲಿಲ್ಲ.

ಉಳಿದ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಸಿಕ್ಕಿದರು. ಕೆಲವರು ವಾಪಸ್ ಕೊಟ್ಟರು, ಕೆಲವರು ಪೋಣಿಸಲು ಕಲಿತರು, ಇಬ್ಬರು ಬಣ್ಣ ಹಿಡಿಸಲಿಲ್ಲವೆಂದು ಬೇರೆ ಬಣ್ಣ ಕೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಕೈ ಬದಲಾದ ಆ ಒಂದು ಹಾರ್ನೆಸ್ ಮಾತ್ರ ಸಿಗಲಿಲ್ಲ. ಕೊಂಡವನ ಹೆಸರಿಲ್ಲ, ಊರಿಲ್ಲ.

ಅವಳು ಭಾವನನ್ನೇ ಬಿಳಿ ಹಾಸಿನ ಮುಂದೆ ನಿಲ್ಲಿಸಿ ಹೊಸ ವಿಡಿಯೊ ಮಾಡಿದಳು. ಅವನ ಬೆರಳು ನಿಧಾನವಾಗಿ ಪೋಣಿಸುತ್ತದೆ, ಅವಳ ದನಿ ಪ್ರತಿ ಹೆಜ್ಜೆಯನ್ನೂ ಹೇಳುತ್ತದೆ. ವಿಡಿಯೊ ಉದ್ದವಾಯಿತು. ಜನ ಅರ್ಧಕ್ಕೇ ಬಿಟ್ಟು ಹೋಗುವುದು ಅವಳಿಗೆ ಪರದೆಯ ಮೇಲೆ ಕಾಣುತ್ತದೆ. ಅವಳು ಅದನ್ನು ಚಿಕ್ಕದು ಮಾಡಿಲ್ಲ. "ತುರ್ತು" ಎಂಬ ಮೇಲ್ ಕಳುಹಿಸುವುದನ್ನೂ ನಿಲ್ಲಿಸಿದ್ದಾಳೆ. ವ್ಯಾಪಾರ ಇಳಿಯಿತೆಂದು ಓರಗಿತ್ತಿ ದಿನಕ್ಕೊಮ್ಮೆ ಹೇಳುತ್ತಾಳೆ.

ಹಳೆಯ ವಿಡಿಯೊ ಅಂಗಡಿಯ ಪುಟದಿಂದ ಹೋಯಿತು, ಜಗತ್ತಿನಿಂದ ಹೋಗಲಿಲ್ಲ. ಯಾರೋ ಅದನ್ನು ಮೊದಲೇ ಇಳಿಸಿಕೊಂಡು, ಸಂಗೀತ ಸೇರಿಸಿ, ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದರು. ಅವಳು ದೂರು ಕೊಟ್ಟಳು. ಪರಿಶೀಲಿಸುತ್ತಿದ್ದೇವೆ ಎಂದು ಉತ್ತರ ಬಂತು. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಕಾಣಿಸಿತು. ಸಣ್ಣದು, ಚೊಕ್ಕದು, ಹಂಚಿಕೊಳ್ಳಲು ಸುಲಭ, ಹಾಗಿರಲೆಂದೇ ಮಾಡಿದ್ದು. ಈಗ ಅವಳ ದಿನ ಆರಂಭವಾಗುವುದು ಆ ವಿಡಿಯೊ ಎಲ್ಲೆಲ್ಲಿದೆ ಎಂದು ಹುಡುಕುವುದರಿಂದ. ಆಮೇಲೆ ಪತ್ರಿಕೆಗಳಲ್ಲಿ ಅಪಘಾತದ ಸುದ್ದಿಗಳನ್ನು ಓದುತ್ತಾಳೆ.

ಹೋದ ಭಾನುವಾರ ಒಬ್ಬ ಯುವಕ ಅಂಗಡಿಗೆ ಬಂದ. ಬಂಡೆಗೆ ಹಾಕುವ ಬೂಟು ಬೇಕಿತ್ತು. ನಾನೂ ಅಲ್ಲೇ ಇದ್ದೆ, ಛತ್ರಿ ಕೊಳ್ಳಲು ಹೋಗಿದ್ದೆ. ಅಳತೆ ಎಷ್ಟೆಂದು ಅವಳು ಕೇಳಿದ ಕೂಡಲೇ ಅವನು ಬೆರಗಿನಿಂದ ಕತ್ತೆತ್ತಿದ.

"ಅಕ್ಕಾ, ಈ ದನಿ ನಾನು ಕೇಳಿದೀನಿ. ಒಂದೇ ಎಳೆತ, ಬಿಗಿ! ನೀವೇ ಅಲ್ವಾ?"

ಅವಳ ಕೈಯಲ್ಲಿದ್ದ ಬೂಟಿನ ಪೆಟ್ಟಿಗೆ ಅಲ್ಲೇ ನಿಂತಿತು. "ಎಲ್ಲಿ ಕೇಳಿದೆ?"

"ನನ್ನ ಫ್ರೆಂಡ್ ತೋರಿಸ್ದ. ಯಾರ ಹತ್ರನೋ ಸೆಕೆಂಡ್ ಹ್ಯಾಂಡ್ ತಗೊಂಡಿದಾನೆ. ಬಸ್‌ಸ್ಟ್ಯಾಂಡಲ್ಲಿ ಭಾರಿ ಚೌಕಾಸಿ ಮಾಡಿದ್ನಂತೆ." ಅವನು ನಕ್ಕ.

"ಅವನೆಲ್ಲಿ ಈಗ?"

"ಅವನಾ? ಬೆಳಿಗ್ಗೆನೇ ಹೊರಟ. ನಾನು ಬೂಟು ತಗೊಂಡು ಹಿಂದೆ ಬರ್ತೀನಿ ಅಂದೆ."

ಭಾವ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದಿದ್ದ. ಅವಳು ಪೆಟ್ಟಿಗೆಯನ್ನು ಕೆಳಗಿಟ್ಟು, ಯುವಕನ ಮುಂದೆ ತನ್ನ ಫೋನ್ ಹಿಡಿದಳು.

"ಅವನ ನಂಬರ್ ಹೇಳು" ಎಂದಳು, ಅದೇ ದನಿಯಲ್ಲಿ. "ಯಾವ ಬಂಡೆ ಅಂತಾನೂ ಹೇಳು."